ಒಂದು ಮಾತು ಮೊದಲೇ ಹೇಳಿ

ಈಚೆಗೆ ನಮ್ಮೂರ ಶಾಲೆಯ ಮೈದಾನದಲ್ಲಿ ಡ್ರೋನ್ ಹಾರಿಸಿ ತೋರಿಸಿದರು. ಮದ್ದು ಬಿಡುವ ಡ್ರೋನ್. ಒಂಬತ್ತೂವರೆಗೆ ಅಂತ ಹೇಳಿದವರು ಹತ್ತೂಮುಕ್ಕಾಲಿಗೆ ಜೀಪಿನಲ್ಲಿ ಬಂದರು. ಆರು ರೆಕ್ಕೆಯ ಯಂತ್ರ, ಹೊಟ್ಟೆಯ ಅಡಿಯಲ್ಲಿ ಹತ್ತು ಲೀಟರಿನ ಟ್ಯಾಂಕಿ. ಹೆಜ್ಜೇನು ಎದ್ದ ಹಾಗೆ ಸದ್ದು ಮಾಡಿಕೊಂಡು ಮೇಲೆದ್ದಿತು. ಧ್ವಜಸ್ತಂಭಕ್ಕೆ ಒಂದು ಸುತ್ತು ಬಂದು, ಪಕ್ಕದ ಬಾಳೆತೋಟದ ಮೇಲೆ ಹೋಗಿ ಮಂಜಿನ ಹಾಗೆ ನೀರು ಚಿಮುಕಿಸಿ, ಹೊರಟ ಜಾಗಕ್ಕೇ ಬಂದು ಕೂತಿತು. ಮಕ್ಕಳು ಕೈ ಬೀಸಿ ಕೇಕೆ ಹಾಕಿದರು. ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು.

ಆಮೇಲೆ ಪ್ರಶ್ನೆ ಕೇಳಬಹುದು ಎಂದರು. ಬಾಡಿಗೆ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಸಬ್ಸಿಡಿ ಉಂಟಾ, ಎಲ್ಲ ಆಯಿತು. ನಾನು ಎದ್ದು ನಿಂತು ಕೇಳಿದ್ದು ಇಷ್ಟೇ. "ಇವತ್ತು ನೀರು ಬಿಟ್ಟಿರಿ, ಸಂತೋಷ. ನಾಳೆ ಮದ್ದು ಬಿಡುವಾಗ ನೆರೆಕರೆಯವರಿಗೆ ಹೇಳುವವರು ಯಾರು?"

ಬಂದಿದ್ದ ಯುವಕ ಪಕ್ಕದವನ ಮುಖ ನೋಡಿದ. ಪಕ್ಕದವನು ಪಂಚಾಯತ್ ಸದಸ್ಯರ ಮುಖ ನೋಡಿದ. ಸದಸ್ಯರು ಗಡಿಯಾರ ನೋಡಿದರು. ಹಿಂದಿನಿಂದ ನಮ್ಮದೇ ಬೈಲಿನ ಹುಡುಗ ಒಬ್ಬ, "ಮಾವ, ಇದು ನಿಮ್ಮ ಕಾಲದ ಹೆಲಿಕಾಪ್ಟರ್ ಅಲ್ಲ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು ಕೂತೆ. ಚಾ, ಗೋಳಿಬಜೆ ಬಂತು. ಸಭೆ ಮುಗಿಯಿತು.

ಮನೆಗೆ ಬಂದ ಮೇಲೆ ಆ ನಗೆ ಗಂಟಲಲ್ಲೇ ಸಿಕ್ಕಿಕೊಂಡ ಹಾಗಾಯಿತು. ನನ್ನ ಕಾಲದ ಹೆಲಿಕಾಪ್ಟರ್ ಯಾವುದು, ಅದಕ್ಕೂ ನಾನು ಕೇಳಿದ ಪ್ರಶ್ನೆಗೂ ಏನು ಸಂಬಂಧ ಅಂತ ಆ ಹುಡುಗನಿಗೆ ಹೇಳಬೇಕಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೋದರಮಾವನ ಮನೆ ಕಾಸರಗೋಡಿನ ಎಣ್ಮಕಜೆ ಕಡೆ. ಸಣ್ಣವನಿರುವಾಗ ನೇಮಕ್ಕೆಂದು ಹೋದರೆ ನಾಲ್ಕು ದಿನ ಅಲ್ಲೇ ಠಿಕಾಣಿ. 1982ರ ಸುಮಾರಿಗೆ, ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಅಲ್ಲಿ ಮೊದಲ ಬಾರಿ ಹೆಲಿಕಾಪ್ಟರ್ ನೋಡಿದ್ದು. ಗುಡ್ಡೆಯ ನೆತ್ತಿಯಲ್ಲಿ ಗೇರುತೋಟ. ಅದರ ಮೇಲೆ ಅದು ಹೋಗುತ್ತಿತ್ತು, ತಿರುಗಿ ಬರುತ್ತಿತ್ತು. ನಾವು ಮಕ್ಕಳೆಲ್ಲ ಗುಡ್ಡೆಯ ಅರ್ಧಕ್ಕೆ ಓಡಿ ಬೈರಾಸು ಬೀಸಿದೆವು. ಒಳಗೆ ಕೂತವ ನಮಗೆ ಕೈ ಬೀಸಿದ ಅಂತ ಒಬ್ಬ, ಇಲ್ಲ ಅಂತ ಇನ್ನೊಬ್ಬ, ಇದೇ ಜಗಳ. ಮುಖಕ್ಕೆ ತಣ್ಣಗೆ ಏನೋ ತಾಗಿತು. ಒಂದು ಘಾಟು ವಾಸನೆ. ಮನೆಗೆ ಬಂದರೆ ಅತ್ತೆ ಬಾವಿಗೆ ಸೋಗೆ ಮುಚ್ಚಿ ಇಟ್ಟಿದ್ದರು. ಈಗ ಯೋಚಿಸಿದರೆ ಹೊಟ್ಟೆ ಚುರುಕ್ ಎನ್ನುತ್ತದೆ. ಯಾಕೆಂದರೆ ಆ ಮನೆಯಲ್ಲಿ ಕುಡಿಯುತ್ತಿದ್ದದ್ದು ಬಾವಿ ನೀರಲ್ಲ, ಸುರಂಗದ ನೀರು.

ಸುರಂಗ ಅಂದರೆ ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ. ಗುಡ್ಡೆಯ ಬದಿಯಿಂದ ಒಳಕ್ಕೆ ಅಡ್ಡಲಾಗಿ ಕೊರೆದುಕೊಂಡು ಹೋಗುವ ಗುಹೆಯಂಥ ಬಾವಿ ಅದು. ಮುರಕಲ್ಲಿನ ಗುಡ್ಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಒಳಗಿನಿಂದ ಒಸರುತ್ತಾ ಇರುತ್ತದೆ. ಪಂಪು ಬೇಡ, ಹಗ್ಗ ಬೇಡ. ನೀರು ತಾನಾಗಿ ಅಂಗಳಕ್ಕೆ ಬರುತ್ತದೆ. ಆ ಊರುಗಳಲ್ಲಿ ಸುರಂಗವೇ ಜೀವ. ಬಾವಿಗೆ ಸೋಗೆ ಮುಚ್ಚಬಹುದು, ಸುರಂಗಕ್ಕೆ ಏನು ಮುಚ್ಚುವುದು? ಅದಕ್ಕೆ ನೀರು ಕೊಡುವುದು ಇಡೀ ಗುಡ್ಡೆ. ಮದ್ದು ಬಿದ್ದದ್ದೂ ಅದೇ ಗುಡ್ಡೆಯ ತಲೆಗೆ.

ಆ ಮದ್ದು ಎಂಡೋಸಲ್ಫಾನ್. ಗೇರಿನ ಚಿಗುರು, ಹೂ, ಎಳೆಕಾಯಿಯ ರಸ ಹೀರುವ ಚಹಾಸೊಳ್ಳೆ ಎಂಬ ಕೀಟಕ್ಕೆ ಅದನ್ನು ಬಿಡುತ್ತಿದ್ದರು. 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಸುಮಾರು ಮೂರು ಸಲ, ಆಕಾಶದಿಂದ. ಕಾಸರಗೋಡು ಜಿಲ್ಲೆಯ 11 ಪಂಚಾಯತುಗಳು ಇದರ ಪೆಟ್ಟು ತಿಂದವು ಎಂದು ಸರಕಾರವೇ ಗುರುತಿಸಿತು. ಗಡಿಯ ಈಚೆ ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರುಗುಡ್ಡೆಗಳ ಮೇಲೂ ಹೆಲಿಕಾಪ್ಟರ್ ಹಾರಿದೆ. ಇದು ಕೇರಳದ ಕತೆ, ನಮಗೆಂತಕ್ಕೆ ಎನ್ನುವವರು ಒಮ್ಮೆ ಕೊಕ್ಕಡಕ್ಕೆ ಹೋಗಿ ಬರಬೇಕು.

ಮೊದಲು ಗುಟ್ಟು ಹೇಳಿದ್ದು ಹಟ್ಟಿ. 1979ರಲ್ಲಿ ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಕೈಕಾಲು ಸೊಟ್ಟಗಿದ್ದ ಕರುಗಳು ಹುಟ್ಟಿದವು. ಗೇರುಗುಡ್ಡೆಗೆ ಮೇಯಲು ಹೋಗುತ್ತಿದ್ದ ದನಗಳು ಹೆತ್ತ ಕರುಗಳು. ಮದ್ದಿನ ಮೇಲೆ ಮೊದಲು ಸಂಶಯಪಟ್ಟದ್ದು ಅಲ್ಲಿನ ಕೃಷಿಕರೇ. ಅದೇ ಊರಿನ ಕೃಷಿಕ, ಪತ್ರಕರ್ತ ಶ್ರೀಪಡ್ರೆಯವರು 1981ರಲ್ಲೇ ಈ ಬಗ್ಗೆ ಬರೆದರು. ವಾಣೀನಗರದಲ್ಲಿ ಚಿಕಿತ್ಸಾಲಯ ಇಟ್ಟಿದ್ದ ಡಾ. ವೈ.ಎಸ್. ಮೋಹನ ಕುಮಾರರು, ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರ, ಕ್ಯಾನ್ಸರ್ ಯಾಕೆ ಎಂದು ವರ್ಷಗಟ್ಟಲೆ ಕೇಳುತ್ತಾ ಬಂದರು. ಆಚೆ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರೇ ಆಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋದರು. 2000ದಲ್ಲಿ ಆ ಸಣ್ಣ ಕೋರ್ಟೇ ಆಕಾಶದ ಸಿಂಪಡಣೆಗೆ ತಡೆ ಹಾಕಿತು. ದೊಡ್ಡ ದೊಡ್ಡವರು ಮಾಡದ್ದನ್ನು ತಾಲೂಕು ಕೋರ್ಟು ಮಾಡಿತು, ನೋಡಿ.

ಅಲ್ಲಿಂದ ಮುಂದಿನದ್ದು ಪತ್ರಿಕೆಗಳಲ್ಲಿ ಬಂದದ್ದೇ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆಯ ನೀರು, ಮಣ್ಣು, ಜನರ ರಕ್ತದಲ್ಲಿ ಎಂಡೋಸಲ್ಫಾನ್ ಉಂಟು ಎಂದರು. ಇನ್ನೊಂದು ಪ್ರಯೋಗಾಲಯ ಇಲ್ಲವೇ ಇಲ್ಲ ಎಂದಿತು. ಸಮಿತಿಯ ಮೇಲೆ ಸಮಿತಿ. 2011ರ ಏಪ್ರಿಲಿನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಅದನ್ನು ಜಗತ್ತಿನಿಂದಲೇ ಹೊರಹಾಕುವ ಪಟ್ಟಿಗೆ ಸೇರಿಸಿತು. ಮುಂದಿನ ತಿಂಗಳು, ಮೇ 13ಕ್ಕೆ, ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆದಿತು. 2017ರ ಜನವರಿಯಲ್ಲಿ ಅದೇ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕು ಎಂದು ಕೇರಳ ಸರಕಾರಕ್ಕೆ ಹೇಳಿತು. ಅದೂ ಹೆಚ್ಚಿನವರ ಕೈಗೆ ಬರದೆ 2022ರಲ್ಲಿ ಕೋರ್ಟು ಮತ್ತೊಮ್ಮೆ ಗದರಬೇಕಾಯಿತು.

ಲೆಕ್ಕ ಹಾಕಿ. ಸೊಟ್ಟಕಾಲಿನ ಕರು ಹುಟ್ಟಿದ್ದು 1979, ಪರಿಹಾರದ ಆಜ್ಞೆ 2017. 38 ವರ್ಷ. ಕರು ಹುಟ್ಟಿದ ವರ್ಷ ನೆಟ್ಟ ತೆಂಗು ಮುದಿಯಾಗುವಷ್ಟು ಕಾಲ.

ಇಷ್ಟು ವರ್ಷ ಯಾಕೆ ಬೇಕಾಯಿತು? ಲಂಚ, ರಾಜಕೀಯ, ಕಂಪೆನಿಗಳ ಒತ್ತಡ ಎಂದು ಹೇಳುವವರಿದ್ದಾರೆ. ಇರಬಹುದು. ಆದರೆ ನನಗೆ ಹೆಚ್ಚು ಕಾಡುವುದು ಬೇರೆ ಸಂಗತಿ. ಎಂಡೋಸಲ್ಫಾನ್ ವಿಷ ಎಂಬುದರಲ್ಲಿ ಜಗಳ ಇಲ್ಲ. ಆ ಊರುಗಳ ಇಷ್ಟೆಲ್ಲ ಕಾಯಿಲೆಗೆ ಅದೇ ಕಾರಣವೆಂದು ಸಾಬೀತಾಗಿಲ್ಲ ಎನ್ನುವ ವಿಜ್ಞಾನಿಗಳು ಈಗಲೂ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಅವರು ಕೇಳುವುದು, ಮದ್ದು ಬಿಡುವ ಮೊದಲು ಈ ಊರಲ್ಲಿ ಎಷ್ಟು ಮಕ್ಕಳಿಗೆ ಹೀಗಿತ್ತು? ಯಾವ ದಿನ, ಯಾವ ಗುಡ್ಡೆಗೆ, ಎಷ್ಟು ಲೀಟರು ಬಿಟ್ಟರು? ಗಾಳಿ ಯಾವ ಕಡೆಗಿತ್ತು? ಇದಕ್ಕೆ ಊರಿನವರ ಕೈಯಲ್ಲಿ ಉತ್ತರ ಇರಲಿಲ್ಲ. ಬಿಟ್ಟವರು ಊರಿಗೆ ಲೆಕ್ಕ ಕೊಡಲಿಲ್ಲ, ತಿಂದವರು ಬರೆದಿಡಲಿಲ್ಲ. ಮೊದಲಿನ ಲೆಕ್ಕವೇ ಇಲ್ಲದ ಮೇಲೆ ಆಮೇಲಿನ ನಷ್ಟ ತೋರಿಸುವುದು ಹೇಗೆ? ಕಾಸರಗೋಡಿನ ಸರಕಾರಿ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರು ಸೇರಿದವು. ಒಂದೊಂದು ಹೆಸರಿಗೂ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಶಿಬಿರಕ್ಕೆ ಹೋಗಿ ತೋರಿಸಬೇಕಾಯಿತು. ಸಾಬೀತು ಮಾಡುವ ಹೊರೆ ಬಿದ್ದದ್ದು ಪೆಟ್ಟು ತಿಂದವನ ತಲೆಗೆ.

ಉಳಿದ ಮದ್ದಿನದ್ದೂ ಇದೇ ಪಾಡು. ಗಡಿಯ ಮಿಂಚಿನಪದವಿನಲ್ಲಿ, ನಮ್ಮ ನೆಟ್ಟಣಿಗೆ ಮುಡ್ನೂರಿಗೆ ತಾಗಿಕೊಂಡು, ಉಳಿದ ಎಂಡೋಸಲ್ಫಾನನ್ನು ಪಾಳುಬಾವಿಗೆ ಹಾಕಿ ಹೂತಿದ್ದಾರೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಮಣ್ಣು, ನೀರು ಪರೀಕ್ಷೆಗೆ ಒಯ್ದರು. ಎಷ್ಟು ಬಂತು, ಎಷ್ಟು ಬಿಟ್ಟರು, ಎಷ್ಟು ಉಳಿಯಿತು ಎಂಬ ಮೂರು ಸಾಲಿನ ಲೆಕ್ಕ ಪಂಚಾಯತಿನ ಗೋಡೆಗೆ ಅಂಟಿಸುವ ಕ್ರಮ ಇದ್ದಿದ್ದರೆ ಇಪ್ಪತ್ತು ವರ್ಷದ ಮೇಲೆ ಬಾವಿ ಹುಡುಕುವ ಕೆಲಸ ಇರುತ್ತಿರಲಿಲ್ಲ.

ಈಗ ಒಂದು ಸಂಗತಿ ಹೇಳುತ್ತೇನೆ. ನನಗೆ ಗೊತ್ತಾದದ್ದೇ ತಡವಾಗಿ. ಕೀಟನಾಶಕ ನಿಯಮಗಳು ಅಂತ ಕೇಂದ್ರ ಸರಕಾರದ್ದೊಂದು ಉಂಟು, 1971ರದ್ದು. ಅದರಲ್ಲಿ 43ನೇ ನಿಯಮ ಆಕಾಶದಿಂದ ಮದ್ದು ಬಿಡುವ ಬಗ್ಗೆ. ಅದು ಹೇಳುವುದೇನು? ಬಿಡುವ ಜಾಗವನ್ನು ಗುರುತು ಮಾಡುವ ಜವಾಬ್ದಾರಿ ಬಿಡುವವರದ್ದು. ಒಪ್ಪಿಗೆ ಇರುವ ಮದ್ದನ್ನು ಒಪ್ಪಿಗೆ ಇರುವ ಪ್ರಮಾಣ, ಎತ್ತರದಲ್ಲೇ ಬಿಡಬೇಕು. ತೊಳೆದುಕೊಳ್ಳಲು, ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಬೇಕು. ಸಂಬಂಧಪಡದ ಜನ, ಜಾನುವಾರು ಇಂತಿಷ್ಟು ಸಮಯ ಆ ಜಾಗಕ್ಕೆ ಹೋಗದ ಹಾಗೆ ತಡೆಯಬೇಕು. ಎಲ್ಲಕ್ಕಿಂತ ಮುಖ್ಯ, ಕಡಿಮೆಯೆಂದರೆ 24 ಗಂಟೆ ಮೊದಲು ಅಧಿಕಾರಿಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕು.

1971, ಮಾರಾಯ್ರೆ! ಹೆಲಿಕಾಪ್ಟರಿಗಿಂತ ಮೊದಲೇ ನಿಯಮ ಬಂದಿತ್ತು. ಕಾನೂನು ಇಲ್ಲದ್ದಕ್ಕೆ ಹೀಗಾಯಿತು ಎನ್ನುವಂತಿಲ್ಲ. ಆ ಏರುತಗ್ಗಿನ ನಾಡಿನಲ್ಲಿ ಮರದ ತಲೆಯಿಂದ ಎರಡು ಮೂರು ಮೀಟರು ಎತ್ತರದಲ್ಲಿ ಹೆಲಿಕಾಪ್ಟರ್ ಹಾರಿಸಲು ಯಾವ ಪೈಲಟನಿಗೂ ಆಗದು. ಗುಡ್ಡೆಯ ಬುಡದಲ್ಲಿ ತೋಡು, ತೋಡಿನ ಬದಿಯಲ್ಲಿ ಮನೆ, ಮನೆಯ ಹಿಂದೆ ಸುರಂಗ. ನೆಲ ನೋಡಿದವನು ಯಾರಾದರೂ ಇಲ್ಲಿ ಬೇಡ ಎನ್ನುತ್ತಿದ್ದ. ಆದರೆ ನೆಲ ನೋಡಿದವರನ್ನು, ಅಂದರೆ ಅಲ್ಲಿನ ಕೃಷಿಕರನ್ನು, ಕೇಳುವ ಕ್ರಮವೇ ಇರಲಿಲ್ಲ. ಹೆಚ್ಚೆಂದರೆ ಬಾವಿ ಮುಚ್ಚಿಕೊಳ್ಳಿ ಎನ್ನುವುದು. ಮುಚ್ಚಿಕೊಳ್ಳಿ ಎನ್ನುವುದು ಬೇರೆ, ಬಿಡಬಹುದಾ ಎಂದು ಕೇಳುವುದು ಬೇರೆ.

ಇಷ್ಟು ಓದಿ ನಾನೊಬ್ಬ ಶುದ್ಧಾತ್ಮ ಅಂದುಕೊಳ್ಳಬೇಡಿ. ನನ್ನ ಕೈಯೂ ಶುದ್ಧ ಇಲ್ಲ.

1997ರ ಫೆಬ್ರವರಿ. ತೋಟದ ಮೇಲಿನ ಬರೆಯಲ್ಲಿ ನನ್ನದು 40 ಗೇರುಮರ. ಆ ವರ್ಷ ಹೂ ಬಂದದ್ದೆಲ್ಲ ಸುಟ್ಟ ಹಾಗೆ ಕಪ್ಪಾಗತೊಡಗಿತು. ಚಹಾಸೊಳ್ಳೆ. ಪೇಟೆಯಿಂದ ಎಂಡೋಸಲ್ಫಾನ್ ತಂದೆ. ಆಗ ಅದು ಅಂಗಡಿಯಲ್ಲಿ ಉಪ್ಪು ಸಿಕ್ಕಿದ ಹಾಗೆ ಸಿಗುತ್ತಿತ್ತು. ಲೀಟರು ನೀರಿಗೆ ಒಂದೂವರೆ ಮಿಲಿಯಷ್ಟು ಸಾಕು ಎಂದಿದ್ದರು. ನಮ್ಮದು ಗೊತ್ತಲ್ಲ, ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು ಎಂಬ ಬುದ್ಧಿ. ಎರಡರ ಮೇಲೆ ಹಾಕಿದೆ. ಮೂಗಿಗೆ ಬೈರಾಸು ಕಟ್ಟಿಕೊಂಡು, ಆಳು ಪಂಪು ಒತ್ತುವುದು, ನಾನು ಕೋಲು ಹಿಡಿಯುವುದು. ಬೆಳಗ್ಗೆ ಎಂಟಕ್ಕೆ ಸುರುಮಾಡಿ ಮಧ್ಯಾಹ್ನಕ್ಕೆ ಮುಗಿಸಿದೆವು. ಹೂ ಅರಳಿ ಜೇನು ಹಾರುವ ಹೊತ್ತು.

ತೋಡಿನಾಚೆ ನೆರೆಯವರದ್ದು ಏಳು ಜೇನುಪೆಟ್ಟಿಗೆ. ವಯಸ್ಸಾದವರು, ನಾನು ದೊಡ್ಡಪ್ಪ ಎಂದೇ ಕರೆಯುವುದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮ ಕಡೆಯ ಜೇನೆಲ್ಲ ನಾಶವಾದದ್ದು ಹಳಬರಿಗೆ ನೆನಪಿರಬಹುದು. ಎಷ್ಟೋ ಮಂದಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದರು. ದೊಡ್ಡಪ್ಪ ಬಿಡದೆ ಕಾಡಿನಿಂದ, ಹುತ್ತದಿಂದ, ಮರದ ಪೊಟರೆಯಿಂದ ಒಂದೊಂದೇ ಕುಟುಂಬ ಹಿಡಿದು ತಂದು ಏಳಕ್ಕೆ ಏರಿಸಿದ್ದರು. ನಾನು ಮದ್ದು ಬಿಟ್ಟ ಮರುದಿನ ಬೆಳಗ್ಗೆ ಆ ಪೆಟ್ಟಿಗೆಗಳ ಬುಡದಲ್ಲಿ ನೆಲ ಕಾಣದ ಹಾಗೆ ಹುಳ ಬಿದ್ದಿತ್ತು. ಐದು ಪೆಟ್ಟಿಗೆ ಹೋಯಿತು.

ಬೈಯುತ್ತಾರೆ ಎಂದು ಹೆದರಿಕೊಂಡೇ ಹೋದೆ. ಬೈಯಲಿಲ್ಲ. ಒಂದು ಮುಷ್ಟಿ ಸತ್ತ ಹುಳ ಅಂಗೈಯಲ್ಲಿ ಇಟ್ಟುಕೊಂಡು, "ಒಂದು ಮಾತು ಮೊದಲೇ ಹೇಳಿದ್ದರೆ ಸಂಜೆಗೇ ಬಾಗಿಲು ಮುಚ್ಚಿ ಆಚೆ ಗುಡ್ಡೆಗೆ ಕೊಂಡುಹೋಗ್ತಿದ್ದೆನಲ್ಲ ಮಗಾ" ಎಂದರು. ಅಷ್ಟೇ. ಕುಡಿಯಲು ಬೆಲ್ಲ ನೀರು ಕೊಟ್ಟರು. ಅವರು ಹೋಗಿ ಹದಿನಾಲ್ಕು ವರ್ಷವಾಯಿತು. ಆ ಬೆಲ್ಲ ನೀರು ಇನ್ನೂ ಇಳಿದಿಲ್ಲ.

ಶಾಲೆಯ ಮೈದಾನದಲ್ಲಿ ನಾನು ಕೇಳಿದ ಪ್ರಶ್ನೆ ದೊಡ್ಡಪ್ಪನದ್ದೇ. ಹೆಲಿಕಾಪ್ಟರ್ ಇರಲಿ, ಪಂಪು ಇರಲಿ, ಡ್ರೋನ್ ಇರಲಿ, ಪ್ರಶ್ನೆ ಬದಲಾಗುವುದಿಲ್ಲ.

ಡ್ರೋನ್ ಬೇಡ ಎಂದು ನಾನು ಹೇಳುತ್ತಿಲ್ಲ. ಹೇಳುವ ಹಾಗೂ ಇಲ್ಲ. ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳನ್ನು ಬೋಳು ಮಾಡುತ್ತಾ ಬಂದು ನಮ್ಮ ಸುಳ್ಯ ತಾಲೂಕಿನ ಘಟ್ಟದ ಬುಡಕ್ಕೂ ಇಳಿದಿದೆ. ನನ್ನದೇ ಒಂದೂವರೆ ಎಕರೆಯಲ್ಲಿ ಕೆಳಗಿನ ಸೋಗೆಗಳೆಲ್ಲ ತುಕ್ಕು ಹಿಡಿದ ತಗಡಿನ ಹಾಗಿವೆ. ಒಬ್ಬ ಬಿಟ್ಟು ಒಬ್ಬ ಬಿಡದಿದ್ದರೆ ಪ್ರಯೋಜನ ಇಲ್ಲ, ಇಡೀ ಬೈಲು ಒಟ್ಟಿಗೆ ಸಿಂಪಡಿಸಬೇಕು ಎನ್ನುತ್ತಾರೆ ವಿಜ್ಞಾನಿಗಳು. ಮರ ಹತ್ತುವವರು ಎಲ್ಲಿದ್ದಾರೆ? ಇರುವ ಇಬ್ಬರ ಹಿಂದೆ ಅರುವತ್ತು ಮನೆ. ದೋಟಿ ಎತ್ತಿ ಕುತ್ತಿಗೆ ನೋವು ತಂದುಕೊಂಡವರನ್ನು ಕೇಳಿ ನೋಡಿ. ಮದ್ದು ಬಿಡುವವನ ಮೈಗೇ ಮದ್ದು ಸುರಿಯುವುದು ನಮ್ಮ ಈಗಿನ ಕ್ರಮ. ಡ್ರೋನಿನಲ್ಲಿ ಅದೊಂದು ತಪ್ಪುತ್ತದೆ, ಸಣ್ಣ ಮಾತಲ್ಲ. 2023ರ ಕೊನೆಗೆ ಕೇಂದ್ರ ಸರಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಹೆಣ್ಣುಮಕ್ಕಳು ಅದನ್ನು ನಡೆಸಿ ನಾಲ್ಕು ಕಾಸು ಮಾಡಿದರೆ ಬೇಡ ಎನ್ನಲು ನಾನು ಯಾರು?

ಆದರೆ ಕೃಷಿಕರಾದ ನಾವು ನಾಲ್ಕು ಕಡೆಯಿಂದ ನೋಡಬೇಕು. ಕೈಪಂಪಿನಲ್ಲಿ ಎಕರೆಗೆ 150-200 ಲೀಟರು ದ್ರಾವಣ ಹೋಗುತ್ತದೆ. ಡ್ರೋನ್ ಅದೇ ಎಕರೆಯನ್ನು ಹತ್ತು ಲೀಟರಿನಲ್ಲಿ ಮುಗಿಸುತ್ತದೆ. ಎಕರೆಗೆ ಬೀಳುವ ಮದ್ದು ಅಷ್ಟೇ ಅಂದರೆ ಒಂದೊಂದು ಹನಿ ಹದಿನೈದು ಇಪ್ಪತ್ತು ಪಟ್ಟು ಖಾರ ಎಂದಾಯಿತು. ಹನಿ ಸಣ್ಣ, ಸಣ್ಣ ಹನಿ ಗಾಳಿಗೆ ದೂರ ಹೋಗುತ್ತದೆ. ಗದ್ದೆಯಲ್ಲಾದರೆ ಬೆಳೆಯ ಮೇಲೆ ಆಳೆತ್ತರದಲ್ಲಿ ಹಾರುತ್ತದೆ, ಸರಿ. ನಮ್ಮ ಅಡಿಕೆಮರ 40-50 ಅಡಿ. ಅದರ ತಲೆಯ ಮೇಲಿನಿಂದ ಬಿಟ್ಟದ್ದು ನೆಲಕ್ಕೆ ಬರುವ ಮೊದಲು ಯಾರ ಯಾರ ಮನೆ ನೋಡಿಕೊಂಡು ಬರುತ್ತದೋ! ಘಟ್ಟದ ಮೇಲಿನ ಹಾಗೆ ನೂರು ಎಕರೆ ಒಂದೇ ಹಿಡುವಳಿ ನಮ್ಮದಲ್ಲ. ಅರ್ಧ ಎಕರೆ ನನ್ನದು, ಮುಕ್ಕಾಲು ಇನ್ನೊಬ್ಬರದ್ದು, ನಡುವೆ ತೋಡು, ಒಬ್ಬರ ಬಾವಿ ಇನ್ನೊಬ್ಬರ ತೋಟದ ಕಣಿಗೆ ತಾಗಿಕೊಂಡು. ನನ್ನ ತೋಟಕ್ಕೆ ಮಾತ್ರ ಮದ್ದು ಬಿಡುತ್ತೇನೆ ಎನ್ನುವುದು ಸುಳ್ಳು. ಬಿಟ್ಟರೆ ಊರಿಗೇ ಬಿಟ್ಟ ಹಾಗೆ.

ಇನ್ನೊಂದು, ಅಡಿಕೆಯ ಮಹಾಳಿಗೆ ಬೋರ್ಡೋ ದ್ರಾವಣ ಬೀಳಬೇಕಾದದ್ದು ಗೊನೆಗೆ. ಗೊನೆ ಇರುವುದು ಸೋಗೆಯ ಕೆಳಗೆ. ಮೇಲಿನಿಂದ ಬಂದದ್ದು ಸೋಗೆಯ ಬೆನ್ನಿಗೆ ಬಿದ್ದು ನಿಲ್ಲುತ್ತದೆ. ಸುಣ್ಣ ಸಣ್ಣ ನಳಿಗೆಯಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಡ್ರೋನಿನಲ್ಲಿ ಹೋಗುವುದು ಮೈಲುತುತ್ತು ಸುಣ್ಣಕ್ಕಿಂತ ಹೆಚ್ಚಾಗಿ ಬೇರೆ ಬೇರೆ ಬಾಟ್ಲಿಗಳು. ಎಲೆಚುಕ್ಕಿಗೆ ಪ್ರೊಪಿಕೊನಜೋಲ್ ಇತ್ಯಾದಿ. ಡ್ರೋನಿನಲ್ಲಿ ಬಿಡಲು ನೂರಾರು ಮದ್ದುಗಳಿಗೆ 2022ರಲ್ಲಿ ಒಂದೇ ಸಲಕ್ಕೆ ತಾತ್ಕಾಲಿಕ ಒಪ್ಪಿಗೆ ಕೊಟ್ಟದ್ದನ್ನೂ ನೆನಪಿಡಬೇಕು. ನಾವು ಮೈಲುತುತ್ತಿನ ನೀಲಿ ನೋಡಿ ಬೆಳೆದವರು. ನೀಲಿ ಕಂಡರೆ ಮದ್ದು ಬಿದ್ದಿದೆ ಎಂದು ಮಗುವಿಗೂ ಗೊತ್ತಾಗುತ್ತದೆ. ಈ ಹೊಸ ಮದ್ದಿಗೆ ಬಣ್ಣ ಇಲ್ಲ. ಪಕ್ಕದ ಮನೆಯವರ ಹರಿವೆ ಸೊಪ್ಪಿನ ಮೇಲೆ ಬಿದ್ದರೆ ಗೊತ್ತಾಗುವುದು ಹೇಗೆ? ಯಾರಾದರೂ ಹೇಳಿದರೆ ಮಾತ್ರ.

2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಗೆ ಪ್ರತ್ಯೇಕ ಕ್ರಮವನ್ನೇ ಮಾಡಿ ಹೊರಡಿಸಿದೆ. ಒಳ್ಳೆಯದೇ. 1971ರದ್ದೂ ಒಳ್ಳೆಯದೇ ಇತ್ತು. ಕಾಗದ ದೆಹಲಿಯಲ್ಲಿ, ಗಾಳಿ ನಮ್ಮ ಬೈಲಿನಲ್ಲಿ. ನಡುವೆ ನಿಲ್ಲಬೇಕಾದದ್ದು ಗ್ರಾಮಸಭೆ.

ಹಾಗಾಗಿ ನಾನು ಒಂದು ಅರ್ಜಿ ಬರೆದಿದ್ದೇನೆ. ಅದರಲ್ಲಿ ಕೇಳಿದ್ದು ಹೆಚ್ಚೇನಿಲ್ಲ. ನಮ್ಮ ಗ್ರಾಮದಲ್ಲಿ ಡ್ರೋನಿನಿಂದ ಯಾರೇ ಮದ್ದು ಬಿಡುವುದಿದ್ದರೂ ಒಂದು ದಿನ ಮೊದಲು ಪಂಚಾಯತಿಗೆ ಬರೆದು ಕೊಡಬೇಕು. ಮದ್ದಿನ ಹೆಸರು, ಪ್ರಮಾಣ, ಸರ್ವೆ ನಂಬ್ರ, ಹೊತ್ತು. ಸುತ್ತಲಿನ ಮನೆಗಳಿಗೆ ಬಾಯಿಮಾತಿನಲ್ಲಾದರೂ ಮುಟ್ಟಿಸಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಉಂಟು, ಮದುವೆ ಕಾಗದವನ್ನೇ ಅದರಲ್ಲಿ ಕಳಿಸುತ್ತೇವೆ, ಇದು ಕಷ್ಟವಾ? ಜೇನು ಇದ್ದವರು, ದನ ಕಟ್ಟುವವರು, ಬಸುರಿ ಬಾಣಂತಿ ಇರುವ ಮನೆಯವರು ಇವತ್ತು ಬೇಡ ಎಂದರೆ ಆ ದಿನ ಬಿಡಬಾರದು. ಬಿಟ್ಟ ಮೇಲೆ ಪಂಚಾಯತಿನ ಒಂದು ಪುಸ್ತಕದಲ್ಲಿ ದಾಖಲು ಮಾಡಬೇಕು, ಯಾರು ಬೇಕಾದರೂ ನೋಡುವ ಹಾಗೆ. ಕುಡಿಯುವ ನೀರಿನ ತೋಡು, ಕೆರೆ, ಶಾಲೆ, ಅಂಗನವಾಡಿ ಇಷ್ಟರ ಹತ್ತಿರ ಬಿಡಲೇಬಾರದು. ಎಷ್ಟು ದೂರ ಎಂದು ಗ್ರಾಮಸಭೆಯೇ ನೆಲ ನೋಡಿ ನಿರ್ಣಯಿಸಲಿ.

ವಾರ್ಡು ಸಭೆಯಲ್ಲಿ ಓದಿದೆ. ಹತ್ತು ಹನ್ನೆರಡು ಮಂದಿ ಇದ್ದರು, ಅದರಲ್ಲಿ ಮೂವರು ನರೇಗಾ ಬಿಲ್ಲು ಕೇಳಲು ಬಂದವರು. ಒಬ್ಬರು, "ಅಭಿವೃದ್ಧಿಗೆ ಕಲ್ಲು ಹಾಕುವುದು" ಎಂದರು. ಇನ್ನೊಬ್ಬರು, "ನನ್ನ ತೋಟಕ್ಕೆ ನಾನು ಬಿಡಲು ಊರವರನ್ನು ಕೇಳಬೇಕಾ?" ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎಲೆಚುಕ್ಕಿಯಿಂದ ಅವರ ಫಸಲು ಅರ್ಧಕ್ಕೆ ಇಳಿದಿದೆ, ಸೊಸೈಟಿಯ ಸಾಲ ತಲೆಯ ಮೇಲಿದೆ. ಅಂಥವರಿಗೆ ಒಂದು ದಿನ ಕಾಯಿರಿ ಎನ್ನುವುದೂ ಸುಲಭವಲ್ಲ, ಅದರಲ್ಲೂ ಮಳೆ ಬಿಟ್ಟ ಎರಡು ದಿನದಲ್ಲೇ ಎಲ್ಲ ಮುಗಿಸಬೇಕಾದ ನಮ್ಮ ಊರಲ್ಲಿ. ಒಂದು ದಿನ ಮೊದಲು ಬರೆದುಕೊಟ್ಟು, ಆ ದಿನ ಮಳೆ ಬಂದರೆ ಏನು ಮಾಡುವುದು ಎಂದು ಕೇಳಿದರು. ಸರಿಯಾದ ಪ್ರಶ್ನೆ. ಒಂದು ವಾರಕ್ಕೆ ಒಂದೇ ಚೀಟಿ ಸಾಕು, ಬಿಡುವ ದಿನ ಬೆಳಗ್ಗೆ ಒಂದು ಫೋನು ಮಾಡುವುದು ಅಂತ ತಿದ್ದಿದೆವು. ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು.

ಡ್ರೋನ್ ತರಬೇತಿಗೆ ಹೆಸರು ಕೊಟ್ಟಿರುವ ನಮ್ಮ ಸಂಘದ ಹೆಣ್ಣುಮಗಳೊಬ್ಬಳು ಕೊನೆಗೆ ಎದ್ದು, "ಬರೆದಿಟ್ಟರೆ ನಮಗೂ ಒಳ್ಳೆಯದು ಅಣ್ಣ, ನಾಳೆ ಯಾರದ್ದೋ ಕೋಳಿ ಸತ್ತರೆ ನಮ್ಮ ತಲೆಗೇ ಕಟ್ಟುತ್ತಾರೆ" ಎಂದಳು. ಅಲ್ಲಿ ಇದ್ದವರಲ್ಲಿ ನನಗಿಂತ ಚೆನ್ನಾಗಿ ವಿಷಯ ಹಿಡಿದದ್ದು ಅವಳೇ.

ಅರ್ಜಿ ಗ್ರಾಮಸಭೆಗೆ ಹೋಗಿದೆ. ನಿರ್ಣಯ ಆಗಿಲ್ಲ. ಪಿಡಿಒ ಅವರು ಇಂಥ ಪುಸ್ತಕ ಇಡಲು ಮೇಲಿನಿಂದ ಸುತ್ತೋಲೆ ಬೇಕು ಎನ್ನುತ್ತಾರೆ. ಅಷ್ಟರವರೆಗೆ ನಾವು ಏಳು ಮನೆಯವರು ಒಂದು ನೂರು ಪುಟದ ಪುಸ್ತಕ ತಂದು ಹಾಲಿನ ಸೊಸೈಟಿಯಲ್ಲಿ ದಾರ ಕಟ್ಟಿ ತೂಗುಹಾಕಿದ್ದೇವೆ. ಕೈಪಂಪಿನಲ್ಲಿ ಬಿಟ್ಟದ್ದನ್ನೂ ಬರೆಯುತ್ತೇವೆ. ಜೇನು ಸತ್ತರೆ, ಕರು ತಪ್ಪಿದರೆ, ತೋಡಿನಲ್ಲಿ ಮೀನು ತೇಲಿದರೆ ಅದನ್ನೂ. ಮೊದಲ ಪುಟದಲ್ಲಿ ನನ್ನದೇ ಇದೆ, ದೋಟಿಯಲ್ಲಿ ಬೋರ್ಡೋ, ಒಂದೂವರೆ ಎಕರೆ, ದಿನಾಂಕ ಸಮೇತ. ದೊಡ್ಡಪ್ಪನ ಮೊಮ್ಮಗ ಈಗ ಮೂರು ಜೇನುಪೆಟ್ಟಿಗೆ ಇಟ್ಟಿದ್ದಾನೆ. ಹಿಂದಿನ ದಿನ ಸಂಜೆ ತೋಡು ದಾಟಿ ಹೋಗಿ ಅವನಿಗೆ ಹೇಳಿ ಬಂದೆ.

ನಿಮ್ಮ ಊರಲ್ಲಿ ಇಂಥ ಏರ್ಪಾಡು ಯಾರಾದರೂ ಮಾಡಿದ್ದರೆ, ಅದರಲ್ಲಿ ಎಡವಿದ್ದರೆ, ದಯವಿಟ್ಟು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಅರ್ಜಿಯ ಪ್ರತಿ ಬೇಕಾದವರು ಸ್ವವಿಳಾಸದ ಲಕೋಟೆಯನ್ನು ಸಂಪಾದಕರಿಗೆ ಕಳಿಸಿದರೆ ಸಾಕು, ಅಲ್ಲಿ ಒಂದು ಕಟ್ಟು ಕೊಟ್ಟಿದ್ದೇನೆ.